ಸೋಲೂರಿನಲ್ಲಿ ಐದು ದಿನ: ನಡೆದದ್ದೆಷ್ಟು, ತಿಂದದ್ದೆಷ್ಟು?

ವ್ಯಾಪಾರಸ್ಥರ ಮನೆಯವರು ಪ್ರವಾಸ ಹೊರಡುವುದೆಂದರೆ ಸುಲಭದ ಮಾತಲ್ಲ. ಅಂಗಡಿಯ ಬೀಗದ ಕೈ ಯಾರ ಬಳಿ ಇರಬೇಕು, ಬರಬೇಕಾದ ಬಾಕಿ ಯಾರು ವಸೂಲು ಮಾಡಬೇಕು ಎಂಬ ಚಿಂತೆಯಲ್ಲೇ ಅರ್ಧ ರಜೆ ಕಳೆದುಹೋಗುತ್ತದೆ. ತೀರ್ಥಯಾತ್ರೆಯಾದರೆ ಹೇಗೋ ಮನಸ್ಸು ಗಟ್ಟಿ ಮಾಡಿ ಹೊರಡುತ್ತೇವೆ. ಆದರೆ ಕಳೆದ ಡಿಸೆಂಬರಿನಲ್ಲಿ ನಾವು ಮೈಸೂರಿನಿಂದ ಹೊರಟದ್ದು ಶ್ರವಣಬೆಳಗೊಳಕ್ಕೂ ಅಲ್ಲ, ಮೂಡುಬಿದಿರೆಗೂ ಅಲ್ಲ, ನೀಲಗಿರಿಯ ಸೋಲೂರು ಎಂಬ ಊರಿಗೆ. ನಮ್ಮನ್ನು ಹೊರಡಿಸಿದ್ದು ಅಣ್ಣನವರ ತೂಕ!

ಅಣ್ಣನವರಿಗೆ 54 ವರ್ಷ. ಜವಳಿ ಅಂಗಡಿಯ ಗಲ್ಲಾದ ಮುಂದೆ ಬೆಳಿಗ್ಗೆ ಕುಳಿತರೆ ಏಳುವುದು ಸಂಜೆಯ ಊಟಕ್ಕೇ. ತೂಕ 82 ಕಿಲೋ, ಎತ್ತರ ಐದೂವರೆ ಅಡಿಗೂ ಕಡಿಮೆ. ರಕ್ತದಲ್ಲಿನ ಸಕ್ಕರೆ ಗಡಿಗೆ ಬಂದು ನಿಂತಿದೆ, ಮೊದಲು ಆರು ಕಿಲೋ ಇಳಿಸಿ, ಆಮೇಲೆ ಮಾತ್ರೆಯ ಮಾತು ಆಡೋಣ ಎಂದು ವೈದ್ಯರು ಹೇಳಿದ್ದರು. ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಬರುವಂತೆ ಊಟದ ಪಟ್ಟಿಯನ್ನೂ ಬರೆದುಕೊಟ್ಟಿದ್ದರು. ಅಣ್ಣನವರು ಪಟ್ಟಿಯನ್ನು ಪಾಲಿಸಿದರು, ದಿನವೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಡೆದರು. ಆದರೆ ಎರಡು ತಿಂಗಳಾದರೂ ತೂಕದ ಮುಳ್ಳು ಅರ್ಧ ಕಿಲೋ ಕೂಡ ಕೆಳಗೆ ಸರಿಯಲಿಲ್ಲ.

ಕಾರಣವೇನೆಂದು ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಮ್ಮ ಮಗಳು ದೊಡ್ಡಪ್ಪನಿಗೆ ಕೈಗೆ ಕಟ್ಟುವ ವಾಚೊಂದನ್ನು ಕೊಡಿಸಿದ್ದಳು. ಎಷ್ಟು ಹೆಜ್ಜೆ ಹಾಕಿದರು, ಎಷ್ಟು ಕ್ಯಾಲೊರಿ ಕರಗಿತು ಎಂದು ಅದು ತೋರಿಸುತ್ತದೆ. ಅದಕ್ಕೆ ಜೋಡಿಸಿದ ಫೋನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕರಗಿದ್ದನ್ನೆಲ್ಲ ಆ ದಿನದ ಊಟದ ಲೆಕ್ಕಕ್ಕೆ ಕೂಡಿಸಿ “ಇನ್ನೂ ಇಷ್ಟು ತಿನ್ನಬಹುದು” ಎನ್ನುತ್ತದೆ. ಅಣ್ಣನವರು ಅದನ್ನು ಅಕ್ಷರಶಃ ನಂಬಿದ್ದರು. “ಖರ್ಚಾದದ್ದನ್ನು ತುಂಬಿಕೊಳ್ಳಬೇಡವೇ? ಕಿರ್ದಿಯಲ್ಲಿ ಜಮಾ-ಖರ್ಚು ಸರಿಹೋಗಬೇಕಲ್ಲ” ಎನ್ನುವುದು ಅವರ ವಾದ. ಅತ್ತಿಗೆಯವರದು ಅದಕ್ಕೆ ತದ್ವಿರುದ್ಧ. ಅವರೂ ಒಂದಿಷ್ಟು ತೂಕ ಇಳಿಸಬೇಕೆಂದಿದ್ದರು. “ಕರಗಿದ್ದು ಕರಗಿತು, ಒಂದು ತುತ್ತನ್ನೂ ತಿರುಗಿ ತಿನ್ನಬಾರದು” ಎಂಬುದು ಅವರ ಪಕ್ಷ. ಯಾರು ಸರಿ? ಗೊತ್ತಾಗಬೇಕಾದರೆ ಅಂಗಡಿಯ ಗಲಾಟೆಯಿಲ್ಲದ ಕಡೆ ಐದು ದಿನ ನಡೆದು ನೋಡೋಣವೆಂದು ನಾವೇ ಸಲಹೆ ಕೊಟ್ಟೆವು. ಪರಿಚಿತರೊಬ್ಬರ ಮನೆ ಸೋಲೂರಿನಲ್ಲಿ ಖಾಲಿ ಇತ್ತು. ಅಡಿಗೆ ನಮ್ಮ ಕೈಯಲ್ಲೇ ಇರುತ್ತದೆಂಬುದು ಇನ್ನೊಂದು ಅನುಕೂಲ.

ದಾರಿ ಮತ್ತು ಊರು

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿನ ಮೇಲೆ ಘಾಟಿ ಹತ್ತಿದೆವು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿಷೇಧವಿದೆ. ಸಂಜೆಯೊಳಗೆ ಊಟ ಮುಗಿಸುವ ನಮ್ಮಂಥವರು ಹೇಗೂ ಹಗಲಲ್ಲೇ ಪ್ರಯಾಣ ಮಾಡುವವರು, ತೊಂದರೆಯಾಗಲಿಲ್ಲ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿರುವುದರಿಂದ, ಹೊರಡುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಊಟಿ–ಗೂಡಲೂರು ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದರೆ ಸೋಲೂರು. ಎತ್ತರ ಸಮುದ್ರಮಟ್ಟದಿಂದ ಸುಮಾರು 2000 ಮೀಟರ್. ಎತ್ತ ನೋಡಿದರೂ ಚಹಾ ತೋಟ, ನಡುನಡುವೆ ಕಣಿವೆಯಲ್ಲಿ ತರಕಾರಿಯ ಮಡಿಗಳು. ಇದು ಬಡಗರ ನಾಡು. ಬಡಗರೆಂದರೆ ಬಡಗಣ ದಿಕ್ಕಿನಿಂದ, ಅಂದರೆ ನಮ್ಮ ಮೈಸೂರು ಸೀಮೆಯ ಕಡೆಯಿಂದ ಬಂದವರೆಂದೇ ಹೆಸರಿನ ಅರ್ಥ. ಅವರ ಮಾತನ್ನು ಕಿವಿಗೊಟ್ಟು ಕೇಳಿದರೆ ಅರ್ಧಕ್ಕೂ ಹೆಚ್ಚು ನಮಗೆ ತಿಳಿಯುತ್ತದೆ. ಊರಿಗೆ ಅವರು ಹಟ್ಟಿ ಎನ್ನುತ್ತಾರೆ. ಸಮೀಪದಲ್ಲೇ ಸೋಲೂರು ಕೋಕಾಲ್ ಎಂಬ ಊರಿದೆ. ಕಮ್ಮಾರಿಕೆ, ಕುಂಬಾರಿಕೆ, ವಾದ್ಯಗಾರಿಕೆಗೆ ಹೆಸರಾದ ಕೋತರು ನೀಲಗಿರಿಯಲ್ಲಿ ವಾಸವಾಗಿರುವ ಏಳು ಊರುಗಳಲ್ಲಿ ಇದೂ ಒಂದು.

ಇನ್ನೊಂದು ಕಡೆ ಗ್ಲೆನ್‌ಮಾರ್ಗನ್. ಪೈಕಾರಾ ನದಿಯ ನೀರು ಅಲ್ಲಿಯ ಕಟ್ಟೆಗೆ ಬಂದು, ಕೊಳವೆಗಳ ಮೂಲಕ ಬೆಟ್ಟದ ಬುಡದ ಸಿಂಗಾರ ವಿದ್ಯುದಾಗಾರಕ್ಕೆ ಧುಮುಕುತ್ತದೆ. 1932ರಿಂದ ಅಲ್ಲಿ ವಿದ್ಯುತ್ತು ತಯಾರಾಗುತ್ತಿದೆ. ಇಷ್ಟು ತೂಕದ ನೀರು ಇಷ್ಟು ಎತ್ತರದಿಂದ ಇಳಿದರೆ ಇಷ್ಟು ಶಕ್ತಿ ಎಂದು ಎಂಜಿನಿಯರರು ಲೆಕ್ಕ ಹಾಕುತ್ತಾರೆ. ಇಷ್ಟು ತೂಕದ ಮನುಷ್ಯ ಇಷ್ಟು ಎತ್ತರ ಹತ್ತಿದರೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂಬುದಕ್ಕೂ ಅದೇ ಲೆಕ್ಕ. ಈ ಮಾತು ಆಗ ನಮಗೆ ಹೊಳೆಯಲಿಲ್ಲ, ಮುಂದೆ ಉಪಯೋಗಕ್ಕೆ ಬಂತು.

ಸೋಲೂರಿನ ಸುತ್ತಿನ ಹೊಲಗಳಲ್ಲಿ ಕಂಡದ್ದೆಲ್ಲ ಆಲೂಗೆಡ್ಡೆ, ಕ್ಯಾರೆಟ್, ಬೀಟ್‌ರೂಟ್. ಕಣ್ಣಿಗೆ ಹಬ್ಬ, ಎಲೆಗೆ ಬಾರದು! ಬೀನ್ಸು ಮತ್ತು ಹಸಿ ಬಟಾಣಿಯಲ್ಲೇ ಐದು ದಿನದ ಪಲ್ಯ ಸಾಗಿತು.

ಮೊದಲ ಎರಡು ದಿನ

ಬೆಳಿಗ್ಗೆ ಬಿಸಿಲು ಬಂದ ಮೇಲೆಯೇ ನಡೆಯಿರಿ, ಚಹಾ ತೋಟದಲ್ಲಿ ಕಾಟಿಗಳು ಮೇಯುತ್ತಿರುತ್ತವೆ, ಕರಡಿಯೂ ಬರುವುದುಂಟು ಎಂದು ಊರಿನವರು ಎಚ್ಚರಿಸಿದ್ದರು. ಹಾಗಾಗಿ 7 ಗಂಟೆ ದಾಟಿದ ಮೇಲೆ ಹೊರಟು ಎರಡು ಗಂಟೆ ಕಾಲ ಏರಿ ಇಳಿದು ಬರುವುದೆಂದು ಗೊತ್ತುಮಾಡಿದೆವು. ಕೈ ಮರಗಟ್ಟುವ ಚಳಿ, ಹುಲ್ಲಿನ ಮೇಲೆ ಬಿಳಿ ಮಂಜು, ಏರಿನಲ್ಲಿ ಎಲ್ಲರಿಗೂ ಉಬ್ಬಸ. ಹಿಂದಿರುಗಿ ಬಂದಾಗ ಅಣ್ಣನವರ ವಾಚು 870 ಎಂದು ತೋರಿಸಿತು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ದೀಪಾವಳಿಯ ದಿನದ ವ್ಯಾಪಾರದ ಮೊತ್ತವನ್ನು ನೋಡಿದಾಗಲೂ ಅವರು ಅಷ್ಟು ಸಂತೋಷಪಟ್ಟಿರಲಾರರು.

ತೂಕ ಇಳಿಸುವವರ ಜೊತೆ ಲಾಡಿನ ಡಬ್ಬಿ ತಂದವರು ಯಾರೆಂದು ವಾಚಕರು ಕೇಳಬಹುದು. ತಂದವರು ನಾವೇ. ಮಕ್ಕಳಿಗೆಂದು ತಂದಿದ್ದೆವು. ಆ ದಿನ ಪಟ್ಟಿಯಲ್ಲಿದ್ದ ಊಟದ ಮೇಲೆ ಅಣ್ಣನವರು ಎರಡು ಕಡಲೆಹಿಟ್ಟಿನ ಲಾಡು, ಚಳಿಗೆಂದು ಮೂರು ಲೋಟ ಸಕ್ಕರೆ ಚಹಾ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ತೆಗೆದುಕೊಂಡರು. ಮಗಳು ಫೋನಿನಲ್ಲಿ ಕೂಡಿಸಿ 860 ಎಂದಳು. “ಇನ್ನೂ ಹತ್ತು ಶಿಲ್ಕು ಇದೆ” ಎಂದು ಅಣ್ಣನವರು ನಕ್ಕರು. ಎರಡನೆಯ ದಿನವೂ ಇದೇ ಕ್ರಮ.

ಅತ್ತಿಗೆಯವರೂ ಅದೇ ದಾರಿಯನ್ನು ಅಷ್ಟೇ ದೂರ ನಡೆದರು. ಬಂದು ಒಂದೂವರೆ ಚಪಾತಿ, ಸ್ವಲ್ಪ ತೊವ್ವೆ, ಸಂಜೆ ಒಂದು ಬಟ್ಟಲು ಅವಲಕ್ಕಿ. ಅಷ್ಟೇ. ನಾವು ಬಲವಂತ ಮಾಡಿದರೆ, “ನಿಮ್ಮಣ್ಣನ ಪಾಲಿನದನ್ನೂ ನಾನೇ ಬಿಡುತ್ತೇನೆ” ಎಂದು ಹಾಸ್ಯ ಮಾಡಿದರು.

ಚತುರ್ದಶಿಯ ಬೆಳಿಗ್ಗೆ

ಮೂರನೆಯ ದಿನ ಚತುರ್ದಶಿ. ಅತ್ತಿಗೆಯವರಿಗೆ ಅಂದು ಏಕಾಶನ. 11 ಗಂಟೆಗೆ ಒಂದೇ ಹೊತ್ತು ಊಟ, ನೀರೂ ಆಗಲೇ. ನಡೆಯುವುದು ಬೇಡವೆಂದೆವು. ಕೇಳಲಿಲ್ಲ. ಹೋಗುವಾಗ ಎಲ್ಲ ಸರಿಯಿತ್ತು. ವಾಪಸು ಬರುವ ಏರಿನಲ್ಲಿ ಅವರು ಇದ್ದಕ್ಕಿದ್ದಂತೆ ದಾರಿಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟರು. ಮುಖ ಬಿಳಿಚಿತ್ತು, ಅಂಥ ಚಳಿಯಲ್ಲೂ ಹಣೆಯ ಮೇಲೆ ಬೆವರು. “ಕಣ್ಣು ಕತ್ತಲೆ ಬರುತ್ತಿದೆ” ಎಂದಷ್ಟೇ ಹೇಳಿ ವಾಲಿದರು. ನಮ್ಮ ಕೈಕಾಲು ತಣ್ಣಗಾದವು. ಪಕ್ಕದಲ್ಲಿ ಇಳಿಜಾರು. ಒಂದು ಹೆಜ್ಜೆ ಆಚೆ ಕುಸಿದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ನೆನೆಯಲು ಹೆದರಿಕೆಯಾಗುತ್ತದೆ.

ತೋಟದಲ್ಲಿ ಚಹಾ ಎಲೆ ಕೀಳುತ್ತಿದ್ದ ಹೆಂಗಸರು ಓಡಿ ಬಂದರು. ಅವರಲ್ಲಿ ಹಿರಿಯರೊಬ್ಬರು, ನಮ್ಮ ಅಜ್ಜಿಯ ವಯಸ್ಸಿನವರು, ಅತ್ತಿಗೆಯವರನ್ನು ಮಲಗಿಸಿ ಕಾಲ ಕೆಳಗೆ ಎಲೆಯ ಚೀಲವನ್ನೇ ಎತ್ತರವಾಗಿ ಇಟ್ಟರು. ಬೆಲ್ಲ ಹಾಕಿದ ಚಹಾ ಕೊಡಲು ಬಂದರು. ಅತ್ತಿಗೆಯವರು ಅಷ್ಟರಲ್ಲಿ ಕಣ್ಣು ಬಿಟ್ಟು, ಬೇಡವೆಂದು ಕೈಯಾಡಿಸಿದರು. ವ್ರತದ ವಿಷಯ ವಿವರಿಸಿದೆವು. ಅಜ್ಜಿ ಬೇಸರಿಸಿಕೊಳ್ಳಲಿಲ್ಲ. ತಲೆಯ ಮೇಲೆ ಕೈಯಿಟ್ಟು, “ದೇವರಿಗೆ ಬಿಟ್ಟ ದಿನ ದೇವರ ಹತ್ತಿರ ಕೂತಿರಬೇಕಮ್ಮಾ, ಬೆಟ್ಟ ಹತ್ತಬಾರದು” ಎಂದರು. ಅವರ ಬಡಗ ಮಾತು ನಮಗೆ ಹೀಗೆಯೇ ಅರ್ಥವಾಯಿತು. ನೀವೆಲ್ಲ ದಿನವಿಡೀ ಈ ಏರಿನಲ್ಲಿ ಹೇಗೆ ಕೆಲಸ ಮಾಡುತ್ತೀರಿ ಅಜ್ಜಿ ಎಂದು ನಾವು ಕೇಳಿದೆವು. “ಉಂಡು ಬರುತ್ತೇವೆ” ಎಂದರು. ಅದಕ್ಕಿಂತ ಹೆಚ್ಚಿನ ವಿವರಣೆ ಅವರಿಗೆ ಬೇಕೆನಿಸಲಿಲ್ಲ.

ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮನೆಗೆ ಕರೆತಂದೆವು. ಹನ್ನೊಂದಕ್ಕೆ ಊಟವಾದ ಮೇಲೆ ಅತ್ತಿಗೆಯವರು ಮೊದಲಿನಂತಾದರು. ಹಿಂದಿನ ಸಂಜೆ ಐದೂವರೆಗೆ ಉಂಡದ್ದು, ಬೆಳಗಿನ ಒಂಬತ್ತರ ಹೊತ್ತಿಗೆ ಹದಿನೈದು ಗಂಟೆಗೂ ಹೆಚ್ಚಾಗಿತ್ತು. ಅದಕ್ಕೆ ಮುಂಚೆ ಎರಡು ದಿನ ಅರೆಹೊಟ್ಟೆ, ಮೇಲೆ ದಿನವೂ ಎರಡು ಗಂಟೆಯ ಏರಿಳಿತ. ಹೀಗಿರುವಾಗ ದೇಹ ಎಲ್ಲಿಂದ ತಾನೇ ಕೊಡಬೇಕು? ಅಂದು ಲಾಡಿನ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ, ಅಣ್ಣನವರೂ ಸಹ.

ಕೂನೂರಿನ ಒಂದು ಕೋಣೆ

ನಾಲ್ಕನೆಯ ದಿನ ಎಲ್ಲರಿಗೂ ವಿಶ್ರಾಂತಿಯಾಗಲೆಂದು ಊಟಿಗೆ ಹೋಗಿ, ಅಲ್ಲಿಂದ ಪುಟ್ಟ ರೈಲಿನಲ್ಲಿ ಕೂನೂರಿಗೆ ಇಳಿದೆವು. ಮೆಟ್ಟುಪಾಳ್ಯದಿಂದ ಕೂನೂರಿನವರೆಗಿನ ಹಳಿ 1899ರಲ್ಲಿ, ಅಲ್ಲಿಂದ ಊಟಿಯವರೆಗಿನದು 1908ರಲ್ಲಿ ಆರಂಭವಾಯಿತು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಕ್ಕಳಿಗೆ ಸಿಮ್ಸ್ ಪಾರ್ಕ್ ತೋರಿಸಿ ಹೊರಬಂದಾಗ ಹತ್ತಿರದಲ್ಲೇ ಪಾಶ್ಚರ್ ಸಂಸ್ಥೆ ಇದೆ ಎಂದು ತಿಳಿಯಿತು. 1907ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹುಚ್ಚುನಾಯಿ ಕಡಿತದ ಚುಚ್ಚುಮದ್ದಿಗೆ ಪ್ರಸಿದ್ಧ. ಆದರೆ ನಮ್ಮ ಚರ್ಚೆಗೂ ಅದಕ್ಕೂ ಒಂದು ಸಂಬಂಧವಿತ್ತು.

1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಈ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಬಗ್ಗೆ ಸಂಶೋಧನೆ ಆರಂಭಿಸಿದರು. ಮನುಷ್ಯ ಏನು ತಿಂದರೆ ಏನಾಗುತ್ತಾನೆ ಎಂಬುದನ್ನು ಆ ಕೋಣೆಯಲ್ಲಿ ಕ್ರಮವಾಗಿ ಪರೀಕ್ಷಿಸಲಾಯಿತು. ಅದೇ ಬೆಳೆದು ಪೌಷ್ಟಿಕಾಂಶ ಸಂಶೋಧನಾಲಯವಾಯಿತು. ಮೆಕ್ಯಾರಿಸನ್ನರ ತರುವಾಯ ನಿರ್ದೇಶಕರಾಗಿ ಬಂದ ಡಾ. ಏಕ್ರಾಯ್ಡ್ 1937ರಲ್ಲಿ, ಭಾರತದ ಆಹಾರಧಾನ್ಯ, ಬೇಳೆ, ತರಕಾರಿಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಪಟ್ಟಿಯನ್ನು ಪುಸ್ತಕವಾಗಿ ಹೊರತಂದರು. 1958ರಲ್ಲಿ ಸಂಶೋಧನಾಲಯ ಹೈದರಾಬಾದಿಗೆ ಹೋಯಿತು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಹೆಸರಾಯಿತು. ಇಂದು ನಮ್ಮ ವೈದ್ಯರು ಚಪಾತಿಗೆ ಇಷ್ಟು, ತೊವ್ವೆಗೆ ಇಷ್ಟು ಎಂದು ಬರೆದುಕೊಡುವ ಲೆಕ್ಕದ ತವರುಮನೆ ಕೂನೂರಿನ ಈ ಬೆಟ್ಟ.

ಗೇಟಿನ ಎದುರು ನಿಂತು ಈ ವಿಷಯ ಹೇಳಿದಾಗ ಅಣ್ಣನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. “ತಿನ್ನುವುದರ ಲೆಕ್ಕವನ್ನು ಇವರು ಪ್ರಯೋಗಾಲಯದಲ್ಲಿ ತೂಗಿ, ಅಳೆದು ಬರೆದರು. ಸರಿ. ನನ್ನ ನಡಿಗೆಯ 870ನ್ನು ಯಾರು ಅಳೆದರು?”

ಹುಂಡಿ ಮತ್ತು ನಗದು

ಅಂದು ಸಂಜೆ ಊಟ ಮುಗಿಸಿ, ದೀಪದ ಕೆಳಗೆ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ವಾಚಕರೂ ತಮ್ಮ ತೂಕ ಹಾಕಿ ಈ ಲೆಕ್ಕ ಮಾಡಿ ನೋಡಬಹುದು.

ಮನುಷ್ಯ ಸುಮ್ಮನೆ ಕುಳಿತಿದ್ದರೂ ದೇಹ ತನ್ನ ತೂಕದ ಕಿಲೋ ಒಂದಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ ಖರ್ಚು ಮಾಡುತ್ತದೆ. ಅಣ್ಣನವರಿಗೆ ಎರಡು ಗಂಟೆಗೆ ಸುಮಾರು 160. ಅನೇಕ ವಾಚುಗಳು ಇದನ್ನೂ ನಡಿಗೆಯ ಹೆಸರಿನಲ್ಲೇ ಬರೆಯುತ್ತವೆ. ಆದರೆ ವೈದ್ಯರ ಪಟ್ಟಿ ಅದನ್ನು ಆಗಲೇ ಲೆಕ್ಕಕ್ಕೆ ಹಿಡಿದಿದೆ. ಅದನ್ನು ಮತ್ತೆ ತಿಂದರೆ ಒಂದೇ ಬಿಲ್ಲನ್ನು ಎರಡು ಸಲ ಜಮಾ ಮಾಡಿದ ಹಾಗೆ.

ಸಾಧಾರಣ ವೇಗದಲ್ಲಿ ನಡೆದರೆ, ಕುಳಿತಿರುವುದಕ್ಕಿಂತ ಹೆಚ್ಚಿಗೆ ಆಗುವ ಖರ್ಚು ಕಿಲೋಗೆ ಗಂಟೆಗೆ ಎರಡೂವರೆಯಷ್ಟು. 82 ಕಿಲೋ ಮನುಷ್ಯನಿಗೆ ಎರಡು ಗಂಟೆಗೆ 410. ಇನ್ನು ಏರು. ಇಲ್ಲಿ ಗ್ಲೆನ್‌ಮಾರ್ಗನ್ನಿನ ನೀರಿನ ಲೆಕ್ಕ ನೆರವಿಗೆ ಬಂತು. 82 ಕಿಲೋ ಭಾರವನ್ನು 200 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಬರೀ 38 ಕ್ಯಾಲೊರಿ. ನಮ್ಮ ಸ್ನಾಯುಗಳು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲನ್ನು ಕೆಲಸಕ್ಕೆ ತಿರುಗಿಸಿ ಉಳಿದದ್ದನ್ನು ಶಾಖವಾಗಿ ಕಳೆಯುವುದರಿಂದ ಅದನ್ನು 150 ಎನ್ನೋಣ. ಎಲ್ಲ ಸೇರಿ 560. ವಾಚು ಹೇಳಿದ್ದು 870!

ವಾಚಿನ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ಅದು ನಾಡಿಬಡಿತ ನೋಡಿ ಅಂದಾಜು ಕಟ್ಟುತ್ತದೆ. ಎತ್ತರದ ಜಾಗದಲ್ಲಿ ಅಭ್ಯಾಸವಿಲ್ಲದ ನಮ್ಮಂಥವರ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಬಗೆಯ ಸಾಧನಗಳನ್ನು ಪರೀಕ್ಷಿಸಿದಾಗ ನಾಡಿಬಡಿತದಲ್ಲಿ ಬಹುಪಾಲು ಸರಿಯಿದ್ದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮವಾದದ್ದೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು, ಅತ್ಯಂತ ಕಳಪೆಯದು ಶೇಕಡಾ 93ರಷ್ಟು.

ಇಷ್ಟಕ್ಕೇ ಮುಗಿಯಲಿಲ್ಲ. ನಡಿಗೆಯಲ್ಲಿ ಹೆಚ್ಚು ಖರ್ಚಾದರೆ ದೇಹ ಬೇರೆ ಕಡೆ ಸದ್ದಿಲ್ಲದೆ ಉಳಿತಾಯ ಮಾಡಿಕೊಳ್ಳುತ್ತದೆ. ನಡೆದು ಬಂದ ಮೇಲೆ ನಾವು ಹೆಚ್ಚು ಹೊತ್ತು ಒರಗಿ ಕೂರುತ್ತೇವೆ. ಒಳಗಿನ ಕೆಲಸಗಳಲ್ಲೂ ದೇಹ ಕೈಬಿಗಿ ಹಿಡಿಯುತ್ತದೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಹೀಗೆ ವಾಪಸಾಗುವ ಪಾಲು ಸರಾಸರಿ ಶೇಕಡಾ 28. ಅದನ್ನು ಕಳೆದರೆ ಅಣ್ಣನವರ ಎರಡು ಗಂಟೆಯ ಬೆಟ್ಟದ ನಡಿಗೆಯ ನಿಜವಾದ ಗಳಿಕೆ ಸುಮಾರು 400.

ಈಗ ತಿಂದದ್ದರ ಲೆಕ್ಕ. ತುಪ್ಪ 100 ಗ್ರಾಮಿಗೆ 900 ಕ್ಯಾಲೊರಿ, ಸಕ್ಕರೆ 400, ಕಡಲೆಹಿಟ್ಟು 370ರ ಆಸುಪಾಸು. 40 ಗ್ರಾಂ ತೂಗುವ ಲಾಡಿನಲ್ಲಿ 11 ಗ್ರಾಂ ತುಪ್ಪ, 14 ಗ್ರಾಂ ಸಕ್ಕರೆ, 15 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ಒಂದಕ್ಕೆ 210. ಎರಡಕ್ಕೆ 420. ಹಾಲು, ಎರಡು ಚಮಚ ಸಕ್ಕರೆ ಹಾಕಿದ ಚಹಾ ಲೋಟಕ್ಕೆ 90ರಂತೆ ಮೂರಕ್ಕೆ 270. ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜಕ್ಕೆ 170. ಒಟ್ಟು 860. ಇದರಲ್ಲಿ ಅಂದಾಜು ಕಡಿಮೆ. ತೂಗಿದರೆ ಸಿಕ್ಕಿಬೀಳುವಂಥದ್ದು.

“ಹಾಗಾದರೆ 400ರ ಹುಂಡಿ ಇಟ್ಟುಕೊಂಡು 860 ನಗದು ಕೊಟ್ಟೆನಲ್ಲ!” ಎಂದರು ಅಣ್ಣನವರು. ಅಷ್ಟೇ ವಿಷಯ. ತಿಂದದ್ದು ನಗದು. ನಡೆದದ್ದು ಹುಂಡಿ, ಅದರ ಪೂರ್ತಿ ಮೊತ್ತ ಎಂದೂ ಕೈಗೆ ಬಾರದು. ದಿನಕ್ಕೆ 460 ಹೆಚ್ಚು ಹೋಯಿತು. ವೈದ್ಯರು ಉಳಿಸಿಕೊಟ್ಟದ್ದು 500. ಉಳಿದ ಶಿಲ್ಕು 40! ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಎರಡು ತಿಂಗಳು ನಡೆದರೂ ಮುಳ್ಳು ಅಲುಗದಿದ್ದ ರಹಸ್ಯ ಇಷ್ಟೇ. ಅಲ್ಲಿಯೂ ವಾಚು ಹೇಳಿದಷ್ಟನ್ನು ಅವರು ಚಾಚೂ ತಪ್ಪದೆ ತಿಂದಿದ್ದರು.

ಅತ್ತಿಗೆಯವರ ಲೆಕ್ಕವನ್ನೂ ಹಾಕಿದೆವು. ಕುಳಿತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ವೈದ್ಯರ ನಿಗಾ ಇಲ್ಲದೆ ಹೆಂಗಸರು 1200ಕ್ಕಿಂತ ಕೆಳಗೆ ಇಳಿಯಬಾರದೆಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ಅತ್ತಿಗೆಯವರು ತಿಂದದ್ದು ಸಾವಿರವೂ ಮುಟ್ಟಿರಲಿಲ್ಲ. ಅದರ ಮೇಲೆ ನಡಿಗೆಯ ಖರ್ಚು. ಅವರು ತಿರುಗಿ ತಿನ್ನಲೇಬೇಕಿತ್ತು. ಇಬ್ಬರೂ ಒಂದೇ ದಾರಿಯಲ್ಲಿ ನಡೆದರು, ಆದರೆ ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಅಗತ್ಯವಾಗಿತ್ತು.

32 ತುತ್ತಿನ ಮಾತು

ಐದನೆಯ ದಿನ ಹಿಂದಿರುಗುವ ದಾರಿಯಲ್ಲಿ ಅತ್ತಿಗೆಯವರೇ ಒಂದು ಮಾತು ಎತ್ತಿದರು. ನಮ್ಮ ಶಾಸ್ತ್ರದಲ್ಲಿ ಆರು ಬಾಹ್ಯ ತಪಗಳಲ್ಲಿ ಅನಶನ ಮೊದಲನೆಯದು, ಅವಮೌದರ್ಯ ಎರಡನೆಯದು. ಪುರುಷನ ಪೂರ್ಣ ಆಹಾರ 32 ತುತ್ತು, ಸ್ತ್ರೀಗೆ 28. ಅದರಲ್ಲಿ ಒಂದು ತುತ್ತು ಬಿಟ್ಟರೂ ಅವಮೌದರ್ಯವೇ. “ನಾನು ಮೊದಲನೆಯದಕ್ಕೆ ಹಾರಿದೆ, ನಿಮ್ಮಣ್ಣ ಎರಡನ್ನೂ ಬಿಟ್ಟರು” ಎಂದು ನಕ್ಕರು.

ತಪ ಇರುವುದು ಆತ್ಮಕ್ಕಾಗಿ, ನಡುವಿನ ಸುತ್ತಳತೆಗಾಗಿ ಅಲ್ಲ. ತೂಕ ಇಳಿಸಲು ಏಕಾಶನ ಮಾಡಿದರೆ ಅದು ಪಥ್ಯವಾದೀತೇ ಹೊರತು ವ್ರತವಾಗದು. ಇದನ್ನು ಬೆರೆಸಬಾರದು. ಆದರೂ ಹಿರಿಯರ ಆ ಎಣಿಕೆಯಲ್ಲಿ ಗಮನಿಸಬೇಕಾದದ್ದೊಂದಿದೆ. ಅವರು ಒಳಗೆ ಹೋಗುವ ತುತ್ತನ್ನು ಎಣಿಸಿದರು. ಬೆವರಿನ ಹನಿಯನ್ನು ಎಣಿಸಿ ಅದಕ್ಕೆ ಪ್ರತಿಯಾಗಿ ತುತ್ತು ಕೇಳಲಿಲ್ಲ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಅವಮೌದರ್ಯದ ಪ್ರಯೋಜನ ಹೇಳುವಾಗ ಸಂಯಮ, ಜಾಗರೂಕತೆ, ದೋಷಗಳ ಶಮನ, ಸಂತೋಷ, ಸುಖವಾದ ಸ್ವಾಧ್ಯಾಯ ಇವುಗಳನ್ನು ಹೆಸರಿಸುತ್ತಾರೆ. ತಲೆಸುತ್ತಿ ಬೀಳುವುದು ಆ ಪಟ್ಟಿಯಲ್ಲಿಲ್ಲ.

ನಾವು ಕಂಡುಕೊಂಡದ್ದು

ಮೈಸೂರಿಗೆ ಬಂದು ನೋಡಿದಾಗ ಅಣ್ಣನವರ ತೂಕ 300 ಗ್ರಾಂ ಹೆಚ್ಚೇ ಆಗಿತ್ತು. ಗಾಬರಿಯಾಗಬೇಕಿಲ್ಲ ಎಂದರು ವೈದ್ಯರು. ಅಭ್ಯಾಸವಿಲ್ಲದೆ ಏರು ಹತ್ತಿದ ಕಾಲುಗಳು ಕೆಲವು ದಿನ ನೀರು ಹಿಡಿದುಕೊಳ್ಳುತ್ತವೆ. ತೂಕವನ್ನು ದಿನದಿನಕ್ಕೆ ನೋಡದೆ, ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿಗೆ ನೋಡಬೇಕು. ಒಂದು ಕಿಲೋ ಕೊಬ್ಬೆಂದರೆ ಸುಮಾರು 7700 ಕ್ಯಾಲೊರಿ, ಅದು ಐದು ದಿನದಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಮ್ಮ ಕಾಗದದ ಲೆಕ್ಕವನ್ನೂ ಅವರು ನೋಡಿ ಒಪ್ಪಿದರು. ಅವರು ಹೇಳಿದ್ದನ್ನು, ನಾವು ಅನುಭವಿಸಿದ್ದನ್ನು ಸೇರಿಸಿ ವಾಚಕರ ಮುಂದಿಡುತ್ತೇವೆ.

ದಿನನಿತ್ಯದ ಅರ್ಧ ಗಂಟೆ, ಒಂದು ಗಂಟೆಯ ನಡಿಗೆಗೆ ಪ್ರತಿಯಾಗಿ ಏನನ್ನೂ ತಿನ್ನಬೇಕಿಲ್ಲ. ಬಾಯಾರಿದರೆ ನೀರು, ಮಜ್ಜಿಗೆ ಸಾಕು. ಅಂಗಡಿಗೆ ಹೋಗುವ ಮುಂಚೆ ವಾಕಿಂಗ್ ಮುಗಿಸಿ ಸ್ನೇಹಿತರೊಡನೆ ಹೋಟೆಲಿಗೆ ನುಗ್ಗುವ ಪದ್ಧತಿ ನಮ್ಮಲ್ಲಿ ಎಷ್ಟು ಮಂದಿಗಿದೆ ಎಂದು ಅವರವರೇ ನೋಡಿಕೊಳ್ಳಲಿ.

ಎರಡು ಗಂಟೆಗೂ ಮೀರಿ ಬೆಟ್ಟ ಹತ್ತಿದ ದಿನ, ತೀರ್ಥಕ್ಷೇತ್ರದಲ್ಲಿ ಮೆಟ್ಟಿಲು ಹತ್ತಿಳಿದ ದಿನ, ಹಸಿವು ನಿಜವಾಗಿದ್ದರೆ ವಾಚು ಹೇಳಿದ್ದರಲ್ಲಿ ಅರ್ಧ ತಿಂದರೆ ಸಾಕು. ಅದನ್ನೂ ಪ್ರತ್ಯೇಕ ತಿಂಡಿಯಾಗಿ ಅಲ್ಲ, ಊಟದಲ್ಲೇ ಇನ್ನೆರಡು ಚಪಾತಿ, ಇನ್ನೊಂದು ಬಟ್ಟಲು ತೊವ್ವೆ ಅಥವಾ ಹೆಸರುಕಾಳಾಗಿ. ಸೂರ್ಯಾಸ್ತದೊಳಗೆ ಊಟ ಮಾಡುವ ನಮಗೆ ಇದು ಮಧ್ಯಾಹ್ನವೇ ಆಗಬೇಕು. ಡಿಸೆಂಬರಿನಲ್ಲಿ 6 ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ನೆನೆದು ಫಲವಿಲ್ಲ.

ಆಗಲೇ ಕಡಿಮೆ ತಿನ್ನುವವರು, ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು ಕರಗಿದ್ದನ್ನು ತುಂಬಿಕೊಳ್ಳಲೇಬೇಕು. ವ್ರತದ ದಿನ ವ್ರತವನ್ನು ಬಿಡಬೇಡಿ, ನಡಿಗೆಯನ್ನು ಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಸಕ್ಕರೆ ಇಳಿಸುವ ಮಾತ್ರೆ ನುಂಗುವವರು ಈ ಲೆಕ್ಕಗಳನ್ನು ತಾವೇ ಮಾಡಿಕೊಳ್ಳಬಾರದು. ಅಂಥವರು ಉಣ್ಣದೆ ನಡೆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಜೇಬಿನಲ್ಲಿ ಬೆಲ್ಲದ ತುಂಡಿರಲಿ. ಉಪವಾಸ, ನಡಿಗೆ ಎರಡಕ್ಕೂ ವೈದ್ಯರ ಮಾತು ಕೇಳಿಯೇ ತೊಡಗಬೇಕು.

ಅಣ್ಣನವರು ಈಗಲೂ ಕೆರೆಯ ದಂಡೆಗೆ ಹೋಗುತ್ತಾರೆ. ವಾಚು ಕೈಯಲ್ಲೇ ಇದೆ, ಹೆಜ್ಜೆ ಎಣಿಸಲು ಮಾತ್ರ. ನಡಿಗೆ ತೂಕಕ್ಕಿಂತ ಹೆಚ್ಚಾಗಿ ಸಕ್ಕರೆಗೆ, ಎದೆಗೆ, ನಿದ್ದೆಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದನ್ನು ಅವರು ಎಲ್ಲರಿಗೂ ಹೇಳುತ್ತಾರೆ. ಊಟದ ಪಟ್ಟಿಯನ್ನು ಮಾತ್ರ ಅದರ ಪಾಡಿಗೆ ಬಿಟ್ಟಿದ್ದಾರೆ. ಮೂರು ತಿಂಗಳಲ್ಲಿ ಮೂರೂವರೆ ಕಿಲೋ ಇಳಿದಿದೆ, ಮಾತ್ರೆಯ ಮಾತು ಸದ್ಯಕ್ಕೆ ಮುಂದೆ ಹೋಗಿದೆ. ಅತ್ತಿಗೆಯವರು ಒಂದೂವರೆ ಚಪಾತಿಯಿಂದ ಮೂರಕ್ಕೆ ಬಂದಿದ್ದಾರೆ. ಅಷ್ಟಮಿ, ಚತುರ್ದಶಿಗಳಲ್ಲಿ ನಡಿಗೆಗೆ ಬದಲು ಬಸದಿಯಲ್ಲಿ ಕುಳಿತಿರುತ್ತಾರೆ.

ಸೋಲೂರಿಗೆ ಹೋಗುವವರು ಬೆಚ್ಚನೆಯ ಬಟ್ಟೆ, ಕಾಯಿಸಿ ಸೋಸಿದ ನೀರು, ಅಡಿಗೆಯ ಸಾಮಾನು ಒಯ್ಯಿರಿ. ಚಹಾ ತೋಟದಲ್ಲಿ ಎಲೆ ಕೀಳುವ ಅಜ್ಜಿ ಕಂಡರೆ ಮೈಸೂರಿನವರು ನೆನೆಸಿಕೊಂಡರೆಂದು ಹೇಳಿ. ಲಾಡಿನ ಡಬ್ಬಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೊರಡಿ!

ಜೈ ಜಿನೇಂದ್ರ.